ಪ್ರಾಜೆಕ್ಟಿಗೆ ‘ಹಂಪಿ’ ಎಂದು ಹೆಸರಿಡುವ ಮುನ್ನ

ಹೊಸಪೇಟೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತುಂಗಭದ್ರಾ ಕಾಲುವೆ ನೀರಿನ ಲೆಕ್ಕಕ್ಕೋ ಹಂಪಿಗೆ ಬರುವ ಪ್ರವಾಸಿಗರಿಗೋ ತಂತ್ರಾಂಶ ಬರೆದು, ಕೋಡನ್ನು ಓಪನ್ ಸೋರ್ಸ್ ಆಗಿ ಬಿಡುತ್ತಾರೆಂದುಕೊಳ್ಳಿ. ಹೆಸರಿಡುವಾಗ ಮೊದಲು ಹೊಳೆಯುವುದು ಊರ ಹೆಸರು. ಊರು ಯಾರ ಸ್ವತ್ತೂ ಅಲ್ಲ, ಆದ್ದರಿಂದ ತಕರಾರು ಬರದು ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಯಾರ ಸ್ವತ್ತೂ ಅಲ್ಲದ್ದು ನಿಮ್ಮ ಸ್ವತ್ತೂ ಅಲ್ಲ. ಭೌಗೋಳಿಕ ಮೂಲವನ್ನಷ್ಟೇ ಸೂಚಿಸುವ ಗುರುತಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಸುಲಭಕ್ಕೆ ನೋಂದಣಿ ಕೊಡುವುದಿಲ್ಲ. ನಾಳೆ ಯಾರಾದರೂ ನಿಮ್ಮ ಕೋಡಿಗೆ ಜಾಹೀರಾತು ತುಂಬಿ ಅದೇ ಹೆಸರಲ್ಲಿ ಹಂಚಿದರೆ ತಡೆಯಲು ನಿಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಅಲ್ಲದೆ ‘ಹಂಪಿ’ ಖಾಲಿಯಾಗಿಯೂ ಇಲ್ಲ. ಅಮೆರಿಕದ ಎಂಐಟಿಯ ಸಂಶೋಧಕರು 2009ರಲ್ಲೇ ಆ ಹೆಸರಿನ ತಂತ್ರಾಂಶವೊಂದನ್ನು ಪ್ರಕಟಿಸಿದ್ದಾರೆ.

‘ನಾವು ಮಾರುವುದಿಲ್ಲ, ಪುಕ್ಕಟೆ ಕೊಡುತ್ತೇವೆ, ಟ್ರೇಡ್‌ಮಾರ್ಕ್ ನಮಗೇಕೆ?’ ಎಂಬ ಆಕ್ಷೇಪ ಸಹಜ. ಇದಕ್ಕೆ ಫೈರ್‌ಫಾಕ್ಸ್ ಬ್ರೌಸರ್‌ನ ಚರಿತ್ರೆಯೇ ಉತ್ತರ. 2002ರಲ್ಲಿ ಅದರ ಹೆಸರು ಫೀನಿಕ್ಸ್. ಫೀನಿಕ್ಸ್ ಟೆಕ್ನಾಲಜೀಸ್ ಕಂಪನಿಯ ತಕರಾರಿನಿಂದ 2003ರಲ್ಲಿ ಫೈರ್‌ಬರ್ಡ್ ಆಯಿತು. ಆ ಹೆಸರಿನ ಡೇಟಾಬೇಸ್ ತಂಡ ವಿರೋಧಿಸಿತು. ವಿರೋಧಿಸಿದವರೂ ಓಪನ್ ಸೋರ್ಸಿನವರೇ ಎಂಬುದನ್ನು ಗಮನಿಸಬೇಕು. 2004ರಲ್ಲಿ ಈಗಿನ ಹೆಸರು ಬಂತು. ಪುಕ್ಕಟೆಯಾಗಿದ್ದರೂ ಎರಡು ಸಲ ಹೆಸರು ಬಿಡಬೇಕಾಯಿತು. ಲೈಸೆನ್ಸ್ ಕೊಡುವುದು ಕೋಡಿನ ಹಕ್ಕನ್ನು. ಹೆಸರಿನ ಹಕ್ಕು ಬೇರೆ. ಅಪಾಚೆ 2.0 ಲೈಸೆನ್ಸ್ ಟ್ರೇಡ್‌ಮಾರ್ಕ್ ಬಳಕೆಗೆ ಅನುಮತಿ ಕೊಡುವುದಿಲ್ಲವೆಂದು ತನ್ನ 6ನೇ ಕಲಮಿನಲ್ಲೇ ಹೇಳುತ್ತದೆ.

ಇನ್ನೊಂದು ವಾದ ನಮ್ಮ ರಾಜ್ಯದ್ದೇ ಪ್ರಕರಣವೊಂದರ ತೀರ್ಪನ್ನು ಆಧರಿಸಿದ್ದು. ಕೆಎಂಎಫ್ ‘ನಂದಿನಿ’ ಹೆಸರನ್ನು 1985ರಿಂದ ಬಳಸುತ್ತಿದೆ, ‘ನಂದಿನಿ ಡಿಲಕ್ಸ್’ ಹೋಟೆಲು ಶುರುವಾದದ್ದು 1989ರಲ್ಲಿ. ನಂದಿನಿ ಪುರಾಣದ ಹೆಸರು, ಹಾಲಿನ ವ್ಯಾಪಾರವೂ ಹೋಟೆಲೂ ಬೇರೆ ಬೇರೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೋಟೆಲಿನ ಪರವಾಗಿ ತೀರ್ಪಿತ್ತಿತು. ಹಾಗಾದರೆ ಎಲ್ಲರಿಗೂ ಗೊತ್ತಿರುವ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದೇ? ಇಲ್ಲ. ಹೋಟೆಲನ್ನು ಕಾಪಾಡಿದ್ದರಲ್ಲಿ ಸರಕಿನ ವ್ಯತ್ಯಾಸವೂ ಸೇರಿದೆ. ತಂತ್ರಾಂಶಕ್ಕೆ ಈಗಾಗಲೇ ತಂತ್ರಾಂಶವೊಂದಕ್ಕಿರುವ ಹೆಸರನ್ನೇ ಇಟ್ಟರೆ ಆ ಆಸರೆ ಸಿಗದು. ಕನ್ನಡ ಕೀಲಿಮಣೆ ಬರೆದು ಅದಕ್ಕೆ ‘ನುಡಿ’ ಅಥವಾ ‘ಬರಹ’ ಎಂದು ಹೆಸರಿಡುವುದು ಇಂಥದೇ ತಪ್ಪು. ಸುಪ್ರೀಂ ಕೋರ್ಟಿನವರೆಗೆ ಹೋಗುವ ತ್ರಾಣವಂತೂ ವಿದ್ಯಾರ್ಥಿ ತಂಡಕ್ಕೆ ಇರುವುದಿಲ್ಲ.

ಆದ್ದರಿಂದ ಮೊದಲ ಸಾಲು ಕೋಡ್ ಬಹಿರಂಗವಾಗುವ ಮೊದಲೇ ಹುಡುಕಾಟ ಮುಗಿಯಬೇಕು. ನಾಲ್ಕೈದು ಹೆಸರು ಬರೆದಿಟ್ಟುಕೊಂಡು, ಪ್ರತಿಯೊಂದನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬಗೆಯಲ್ಲಿ ಬರೆಯಿರಿ. ಊರ ಹೆಸರುಗಳಿಗೇ ಎರಡೆರಡು ರೂಪಗಳಿರುವಂತೆ: ಹಂಪಿ–ಹಂಪೆ, ಕಂಪ್ಲಿ–ಕಂಪಿಲಿ, ಹೊಸಪೇಟೆ–ಹಾಸ್ಪೇಟ್. ಮೊದಲು ಗಿಟ್‌ಹಬ್, ಎನ್‌ಪಿಎಂ, ಪೈಪಿಐ, ಪ್ಲೇ ಸ್ಟೋರ್ ನೋಡಿ. ಆಮೇಲೆ ಕೇಂದ್ರ ಸರ್ಕಾರದ ಐಪಿ ಇಂಡಿಯಾ ಜಾಲತಾಣದ ಉಚಿತ ಹುಡುಕಾಟದಲ್ಲಿ ತಂತ್ರಾಂಶದ ವರ್ಗ 9, ತಂತ್ರಾಂಶ ಸೇವೆಯ ವರ್ಗ 42 ಎರಡನ್ನೂ ಜಾಲಾಡಿ. ಉಚ್ಚಾರಣೆ ಆಧರಿಸಿದ ಹುಡುಕಾಟವನ್ನು ಬಿಡಲೇಬೇಡಿ, ಕನ್ನಡದ ಹೆಸರುಗಳು ಸಿಕ್ಕಿಬೀಳುವುದು ಅಲ್ಲೇ. ಅಲ್ಲಿ ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ದಾರಿ ಸಲೀಸೆಂದಲ್ಲ: ನೋಂದಣಿಯಿಲ್ಲದೆಯೂ ಮೊದಲಿನಿಂದ ಬಳಸುತ್ತ ಬಂದವರಿಗೆ ಕಾನೂನಿನ ರಕ್ಷಣೆಯಿದೆ. ಈ ನಿಯಮ ನಿಮಗೂ ಅನುಕೂಲವೇ. ಹೆಸರು ಮೊದಲು ಬಳಸಿದ ದಿನಾಂಕ ತೋರಿಸುವ ಬಿಡುಗಡೆಯ ದಾಖಲೆಗಳನ್ನು ಅಳಿಸದೆ ಕಾಪಾಡಿಕೊಳ್ಳಿ.

ಹೆಸರು ಯಾರ ಕೈಯಲ್ಲಿರಬೇಕು ಎಂಬುದೂ ಆಗಲೇ ಬರಹದಲ್ಲಿ ತೀರ್ಮಾನವಾಗಲಿ. ಇಥೀರಿಯಲ್ ಎಂಬ ತಂತ್ರಾಂಶ ಬರೆದ ಜೆರಾಲ್ಡ್ ಕೋಂಬ್ಸ್ 2006ರಲ್ಲಿ ಕೆಲಸ ಬದಲಿಸಿದಾಗ ಹೆಸರು ಹಳೆಯ ಕಂಪನಿಯಲ್ಲೇ ಉಳಿಯಿತು. ಕೋಡಿನೊಂದಿಗೆ ಹೊರಬಂದವರು ಅದಕ್ಕೆ ವೈರ್‌ಶಾರ್ಕ್ ಎಂದು ಹೊಸ ಹೆಸರಿಡಬೇಕಾಯಿತು. ಕಾಲೇಜು ಪ್ರಾಜೆಕ್ಟಾದರೆ ಹೆಸರು ಕಾಲೇಜಿನದೋ ತಂಡದ್ದೋ ಎಂದು ಕೇಳಿಕೊಳ್ಳಿ. ಬಳಕೆದಾರರು ಹೆಚ್ಚುವ ನಿರೀಕ್ಷೆಯಿದ್ದರೆ ಟಿಎಂ-ಎ ನಮೂನೆಯಲ್ಲಿ ಅರ್ಜಿ ಹಾಕಬಹುದು. ಆನ್‌ಲೈನಿನಲ್ಲಿ ವ್ಯಕ್ತಿಗಳಿಗೆ ವರ್ಗಕ್ಕೆ 4,500 ರೂಪಾಯಿ ಶುಲ್ಕ, ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಊರ ಅಭಿಮಾನ ಬಿಡಬೇಕಿಲ್ಲ. ಊರ ಹೆಸರನ್ನು ವಿವರಣೆಯಲ್ಲಿಟ್ಟು, ಪ್ರಾಜೆಕ್ಟಿಗೆ ಹೊಸದಾಗಿ ಕಟ್ಟಿದ ಪದ ಕೊಡಿ. ಸಂಡೂರಿನ ಕುಶಲಕರ್ಮಿಗಳಿಗಾಗಿ ಮಾರಾಟದ ತಂತ್ರಾಂಶ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ: ‘ಸಂಡೂರು ಲಂಬಾಣಿ ಕಸೂತಿ’ ಭೌಗೋಳಿಕ ಸೂಚಿಯಾಗಿ ನೋಂದಣಿಯಾಗಿದೆ. ಆ ಹೆಸರು ಬಳಸುವ ಮುಂಚೆ ಅದರ ನೋಂದಾಯಿತ ಹಕ್ಕುದಾರರನ್ನು ಕಂಡು ಲಿಖಿತ ಒಪ್ಪಿಗೆ ಪಡೆಯಿರಿ.