ನಮ್ಮ ಸಿಗ್ನಲ್‌ನಲ್ಲಿ ಇಷ್ಟೊಂದು ಬೋರ್ಡು ಯಾಕೆ?

ಆಗಸ್ಟ್ ತಿಂಗಳಲ್ಲಿ ಊರಿಂದ ಬಂದಿಳಿಯುವ ಹೊಸ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಹತ್ತಿರ ಕಾರು ಇರುವುದಿಲ್ಲ. ಬಸ್ ಹಿಡಿಯಲಿಕ್ಕೆ, ಹಾಲು ಮೊಸರು ತರಲಿಕ್ಕೆ ಅವರೆಲ್ಲ ಅಪಾರ್ಟ್‌ಮೆಂಟ್ ಎದುರಿನ ದೊಡ್ಡ ಸಿಗ್ನಲ್ ದಾಟಲೇಬೇಕು. ಅಮೆರಿಕದ ಯಾವ ಉಪನಗರಕ್ಕೆ ಹೋದರೂ ಇಂಥದ್ದೊಂದು ಸಿಗತ್ತೆ: ತಿರುಗುವ ಲೇನೂ ಸೇರಿ ಏಳು ಲೇನ್ ಅಗಲ, ಮೂಲೆಯಲ್ಲಿ ಪೆಟ್ರೋಲ್ ಬಂಕು, ಕಂಬದ ತುಂಬ ಬೋರ್ಡು. ಸಂಘದ ನಾವು ಐದು ಜನ, ಅದರಲ್ಲಿ ಇಬ್ಬರು ಸಿವಿಲ್ ಇಂಜಿನಿಯರಿಂಗ್ ಓದುವವರು, ಈ ಸಲ ಅದನ್ನೇ ಅಧ್ಯಯನಕ್ಕೆ ಎತ್ತಿಕೊಂಡೆವು.

ಒಂದೇ ದಿಕ್ಕಿನಿಂದ ಬರುವ ಚಾಲಕನ ಕಣ್ಣಿಗೆ ಬೀಳುವ ಬೋರ್ಡುಗಳು ಇವು: ವೇಗದ ಮಿತಿ ಗಂಟೆಗೆ 40 ಮೈಲಿ, ಮುಂದೆ ಶಾಲೆ ಇದೆ, ಯು-ಟರ್ನ್ ಇಲ್ಲ, ಬಲಗಡೆ ಲೇನ್ ಬಲಕ್ಕೆ ಮಾತ್ರ, ನಡೆಯುವವರಿಗೆ ದಾರಿ ಬಿಡಿ, ಕೆಂಪಿದ್ದಾಗ ಬಲಕ್ಕೆ ತಿರುಗಬೇಡಿ. ಇದರ ಜೊತೆಗೆ ನಮ್ಮೂರಿನ ‘ಫ್ರೀ ಲೆಫ್ಟ್’ ಥರ ಇಲ್ಲೊಂದು ‘ಫ್ರೀ ರೈಟ್’ ಲೇನ್ ಇದೆ. ಅದು ಸಿಗ್ನಲ್ಲಿಗೇ ಸಿಗದೆ ಪಕ್ಕದಿಂದ ಬಳಸಿಕೊಂಡು ಹೋಗತ್ತೆ. ಅಲ್ಲಿ ‘ಯೀಲ್ಡ್’ ಬೋರ್ಡು. ಒಂದು ಬೋರ್ಡು ತಿರುಗಬೇಡ ಅನ್ನತ್ತೆ, ಇನ್ನೊಂದು ನೋಡಿಕೊಂಡು ತಿರುಗು ಅನ್ನತ್ತೆ. ಚಾಲಕ ಯಾರ ಮಾತು ಕೇಳಬೇಕು?

ಓದೋಕೆ ಸಮಯವಾದರೂ ಇದೆಯಾ ಅಂತ ಲೆಕ್ಕ ಹಾಕಿದೆವು. ಒಂದು ಇಂಚು ಎತ್ತರದ ಅಕ್ಷರ ಸುಮಾರು 30 ಅಡಿಯಿಂದ ಕಾಣತ್ತೆ ಅನ್ನುವುದು ಇಲ್ಲಿ ಬಳಕೆಯಲ್ಲಿರುವ ಸೂತ್ರ. ನಾಲ್ಕು ಇಂಚಿನ ಅಕ್ಷರ 120 ಅಡಿಯಿಂದ. ಗಂಟೆಗೆ 40 ಮೈಲಿ ಅಂದರೆ ಸೆಕೆಂಡಿಗೆ ಸುಮಾರು 59 ಅಡಿ. ಅಲ್ಲಿಗೆ ಸಿಗುವುದು ಎರಡೇ ಸೆಕೆಂಡು! ರಸ್ತೆ ವಿನ್ಯಾಸ ಮಾಡುವವರು ಚಾಲಕ ಏನನ್ನೋ ನೋಡಿ ಬ್ರೇಕ್ ಒತ್ತುವುದಕ್ಕೇ ಎರಡೂವರೆ ಸೆಕೆಂಡು ಹಿಡಿಯುತ್ತಾರೆ. ಆರು ಬೋರ್ಡನ್ನು ಯಾರೂ ಓದುವುದಿಲ್ಲ, ಓದಲಾಗುವುದೂ ಇಲ್ಲ.

ಈ ದೇಶದ ಸಂಚಾರ ಫಲಕಗಳಿಗೆಲ್ಲ ಒಂದು ರಾಷ್ಟ್ರೀಯ ಕೈಪಿಡಿ ಇದೆ, ಹೆಸರು ಎಂಯುಟಿಸಿಡಿ. ಮೊದಲು ಬಂದದ್ದು 1935ರಲ್ಲಿ, 11ನೇ ಆವೃತ್ತಿ 2023ರ ಡಿಸೆಂಬರ್‌ನಲ್ಲಿ. ಫಲಕಗಳನ್ನು ಹಿಡಿತದಲ್ಲಿ ಬಳಸಬೇಕು, ಅತಿಯಾದರೆ ಅವುಗಳ ಪರಿಣಾಮ ಕುಗ್ಗುತ್ತದೆ ಅಂತ ಆ ಕೈಪಿಡಿಯೇ ಎಚ್ಚರಿಸುತ್ತದೆ. ಆದರೂ ಬೋರ್ಡು ಹೆಚ್ಚುವುದು ಯಾಕೆ? ನಮಗೆ ಕಂಡಿದ್ದು ಇಷ್ಟು: ದೂರು ಬಂದಾಗ ಏನಾದರೂ ಮಾಡಿದೆವು ಅಂತ ತೋರಿಸಲು ಬೋರ್ಡಿಗಿಂತ ಅಗ್ಗದ ದಾರಿ ಇಲ್ಲ. ಕಾಂಕ್ರೀಟ್ ಒಡೆಯುವುದು ದುಬಾರಿ.

ನಿಜವಾದ ತೊಂದರೆ ಇರುವುದು ಆ ಕಾಂಕ್ರೀಟಿನಲ್ಲೇ. ಇಲ್ಲಿನ ಲೇನ್ 12 ಅಡಿ ಅಗಲ, ಅಂದರೆ ಇಂಟರ್‌ಸ್ಟೇಟ್ ಹೆದ್ದಾರಿಯ ಲೇನಿನಷ್ಟೇ. ಅಷ್ಟು ಅಗಲ ಕೊಟ್ಟು ನಿಧಾನ ಹೋಗು ಅಂದರೆ ಕಾಲು ಆಕ್ಸಿಲರೇಟರ್ ಬಿಡುತ್ತದೆಯೇ? ಬಲತಿರುವಿನ ಮೂಲೆ ದೊಡ್ಡ ಕಮಾನಿನ ಹಾಗಿದೆ, ವೇಗ ತಗ್ಗಿಸದೆಯೇ ತಿರುಗಬಹುದು. ಆಗ ಚಾಲಕನ ಕಣ್ಣು ಎಡಗಡೆಯಿಂದ ಬರುವ ಕಾರುಗಳ ಮೇಲಿರತ್ತೆ; ದಾಟುವ ನಾವು ಅವನ ಬಲಗಡೆ ಜೀಬ್ರಾ ಪಟ್ಟೆಯ ಮೇಲೆ ಚೀಲ ಹಿಡಿದು ನಿಂತಿರುತ್ತೇವೆ.

ಇನ್ನು ದಾಟುವ ಸಮಯ. ಏಳು ಲೇನ್ ಅಂದರೆ 84 ಅಡಿ. ಕೈಪಿಡಿ ಹಿಡಿಯುವ ನಡಿಗೆಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಮೂರೂವರೆ ಅಡಿ, ಅಂದರೆ 24 ಸೆಕೆಂಡು. ಪದವಿ ಸಮಾರಂಭಕ್ಕೆ ಬರುವ ಮಂಡಿನೋವಿನ ಅಮ್ಮ ಎರಡೂವರೆ ಅಡಿಯ ವೇಗದಲ್ಲಿ ನಡೆದರೆ ಅವರಿಗೆ 34 ಸೆಕೆಂಡು ಬೇಕು. (ಮಿನುಗುವ ಕೆಂಪು ಕೈ ಬಂತೆಂದರೆ ಹೊಸದಾಗಿ ಇಳಿಯಬೇಡಿ, ಇಳಿದಿದ್ದರೆ ದಾಟಿ ಮುಗಿಸಿ ಎಂದರ್ಥ. ಇದನ್ನು ಅಪ್ಪ ಅಮ್ಮಂದಿರಿಗೆ ಮೊದಲೇ ಹೇಳಿಕೊಡಿ, ಅರ್ಧಕ್ಕೇ ಗಾಬರಿಯಾಗಿ ಹಿಂದೆ ತಿರುಗುತ್ತಾರೆ.)

ಹಾಗಾದರೆ ಬೋರ್ಡು ಎಲ್ಲ ಕಿತ್ತುಬಿಡಬೇಕೇ? ನೆದರ್ಲೆಂಡ್ಸ್‌ನ ಡ್ರಾಖ್ಟನ್ ಊರಿನಲ್ಲಿ ಹಾನ್ಸ್ ಮೊಂಡರ್ಮನ್ ಎಂಬ ಇಂಜಿನಿಯರ್ ಒಂದು ದೊಡ್ಡ ಕೂಡುರಸ್ತೆಯ ಸಿಗ್ನಲ್ ದೀಪಗಳನ್ನೇ ತೆಗೆಸಿ ಹೆಸರಾದರು. ಆದರೆ ಅಲ್ಲಿ ಜಾಗದ ಆಕಾರವನ್ನೂ ಬದಲಿಸಿದ್ದರು. ನಮ್ಮ ಏಳು ಲೇನಿನಲ್ಲಿ ಬರೀ ಬೋರ್ಡು ಕಿತ್ತರೆ ಅನಾಹುತವೇ. ಇಂಡಿಯಾನಾದ ಕಾರ್ಮೆಲ್ ನಗರ 150ಕ್ಕೂ ಹೆಚ್ಚು ರೌಂಡ್‌ಅಬೌಟ್ ಕಟ್ಟಿದೆ. ನಾಲ್ಕು ರಸ್ತೆ ಕೂಡುವಲ್ಲಿ ವಾಹನಗಳ ದಾರಿ ಒಂದಕ್ಕೊಂದು ಎದುರಾಗುವ ಜಾಗ 32. ಒಂದೇ ಲೇನಿನ ರೌಂಡ್‌ಅಬೌಟ್‌ನಲ್ಲಿ 8. ಮೈಸೂರಿನ ಗೆಳೆಯರು ಇದನ್ನು ಕೇಳಿ ಸರ್ಕಲ್ ನಮಗೇನು ಹೊಸದಾ ಅಂತ ನಕ್ಕರು, ಸರಿಯೇ.

ನಾವು ನಗರಾಡಳಿತಕ್ಕೆ ಒಂದು ಪತ್ರ ಬರೆದೆವು. ಎರಡು ತಿಂಗಳಿಗೆ ಫಲ ಬಂತು: ಅದೇ ಕಂಬಕ್ಕೆ ಇನ್ನೊಂದು ಹಳದಿ ಬೋರ್ಡು! ಎರಡನೇ ಪತ್ರದಲ್ಲಿ ‘ಬೋರ್ಡು ಬೇಡ’ ಅಂತಲೇ ಶುರುಮಾಡಿ ಮೂರು ಕೇಳಿದ್ದೇವೆ. ಫ್ರೀ ರೈಟ್ ಮುಚ್ಚಿ ಮೂಲೆಯನ್ನು ಬಿಗಿ ಮಾಡಿ. ನಡುವೆ ನಿಲ್ಲಲು ಒಂದು ಕಟ್ಟೆ ಕಟ್ಟಿ. ಕಾರಿಗೆ ಹಸಿರು ಬರುವುದಕ್ಕೆ ಕೆಲವು ಸೆಕೆಂಡು ಮೊದಲೇ ನಡೆಯುವವರಿಗೆ ದೀಪ ಕೊಡಿ. ಮೂರನೆಯದಕ್ಕೆ ರಸ್ತೆ ಅಗೆಯುವುದೇ ಬೇಡ, ಸಿಗ್ನಲ್ ಪೆಟ್ಟಿಗೆಯಲ್ಲಿ ಸಮಯ ಬದಲಿಸಿದರಾಯಿತು. ಉತ್ತರ ಇನ್ನೂ ಬಂದಿಲ್ಲ.

ಮುಂದಿನ ಸಾರ್ವಜನಿಕ ಸಭೆಗೆ ನಾವು ಹೋಗುತ್ತಿದ್ದೇವೆ. ಇಲ್ಲಿ ಮಾತಾಡಲು ಪೌರತ್ವ ಕೇಳುವುದಿಲ್ಲ. ಹೆಸರು, ಬೀದಿ ಹೇಳಿ ಮೂರು ನಿಮಿಷ ಮಾತಾಡಬಹುದು. ಅಲ್ಲಿಯವರೆಗೆ ದಾಟುವಾಗಲೆಲ್ಲ ಫೋನಿನಲ್ಲಿ ಸೆಕೆಂಡು ಎಣಿಸಿ ಬರೆದಿಡಿ: ಎಷ್ಟು ಹೊತ್ತು ಕಾದಿರಿ, ಎಷ್ಟರಲ್ಲಿ ದಾಟಿದಿರಿ, ಬಲಗಡೆಯಿಂದ ಎಷ್ಟು ಕಾರು ನಿಲ್ಲದೆ ನುಗ್ಗಿದವು.