ಮೂತ್ರಪಿಂಡ ತಜ್ಞರನ್ನು ಕಾಣುವುದು ಯಾವಾಗ?

ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳುಳ್ಳ ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರರೂಪವಾಗಿ ಹೊರಗೆಡಹುತ್ತವೆ. ಉಳಿದುದು ರಕ್ತಕ್ಕೇ ಮರಳುತ್ತದೆ. ಈ ಶಕ್ತಿಯಲ್ಲಿ ಅರ್ಧ ನಷ್ಟವಾದರೂ ನೋವಾಗಲಿ ಆಯಾಸವಾಗಲಿ ಸಾಮಾನ್ಯವಾಗಿ ತೋರದು. ಇಲ್ಲಿ ದೇಹದ ಮಾತಿಗಿಂತ ಗಣಿತದ ಮಾತನ್ನು ನಂಬುವುದು ಲೇಸು.

ಸ್ನಾಯುಗಳಲ್ಲಿ ಹುಟ್ಟುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವಸ್ತುವು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ರಕ್ತವನ್ನು ಸೇರುತ್ತಿರುತ್ತದೆ. ಆದುದರಿಂದ ಸೋಸುವ ವೇಗ ಅರ್ಧವಾದರೆ ರಕ್ತದಲ್ಲಿ ಅದರ ಪ್ರಮಾಣ ಇಮ್ಮಡಿಯಾಗುತ್ತದೆ. ಇದು ವಿಲೋಮ ಸಂಬಂಧ. ಡೆಸಿಲೀಟರಿಗೆ 0.7 ಮಿಲಿಗ್ರಾಮ್ ಇದ್ದುದು 1.4 ಆದರೆ ಏರಿಕೆ ಅಲ್ಪವೆಂದು ಕಾಣುತ್ತದೆ. ಆದರೆ ಶೋಧನಶಕ್ತಿಯ ಅರ್ಧಭಾಗ ಆಗಲೇ ಹೋಗಿರುತ್ತದೆ. ಮುಂದೆ 4ರಿಂದ 8ಕ್ಕೆ ಏರಿದಾಗ ಎಲ್ಲರೂ ಗಾಬರಿಗೊಳ್ಳುತ್ತಾರೆ. ಆಗ ಕಳೆದುಹೋಗುವುದು ಮೂಲಶಕ್ತಿಯ ಹತ್ತನೆಯ ಒಂದು ಪಾಲೂ ಅಲ್ಲ!

ಮಧುಮೇಹವೋ ರಕ್ತದೊತ್ತಡವೋ ಉಳ್ಳವರು ವರ್ಷಕ್ಕೊಮ್ಮೆಯಾದರೂ ರಕ್ತ, ಮೂತ್ರಗಳನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಆರೋಗ್ಯವಂತ ತರುಣರಲ್ಲಿ ನಿಮಿಷಕ್ಕೆ ಸುಮಾರು 125 ಮಿ.ಲೀ. ಇರುವ ಸೋಸುವಿಕೆಯ ವೇಗ 30ಕ್ಕಿಂತ ಕೆಳಗಿಳಿದರೆ, ಅದಕ್ಕೆ ಮೊದಲೇ ಬೇಗಬೇಗನೆ ಕುಸಿಯುತ್ತಿದ್ದರೆ, ಅಥವಾ ಮೂತ್ರದಲ್ಲಿ ಪ್ರೋಟೀನು ಹೇರಳವಾಗಿ ಹೋಗುತ್ತಿದ್ದರೆ, ತಜ್ಞರನ್ನು ಕಾಣಲೇಬೇಕು. ನಾಶವಾದ ಶೋಧಕಗಳು ಮತ್ತೆ ಹುಟ್ಟವು. ಉಳಿದವುಗಳೊಳಗಿನ ಒತ್ತಡವನ್ನು ಔಷಧಗಳಿಂದ ತಗ್ಗಿಸಿ ನಾಶದ ವೇಗವನ್ನು ಅವರು ಕುಗ್ಗಿಸಬಲ್ಲರು.