ಕಿಟಕಿ ಚೌಕಟ್ಟಿನ ಸಂದಿಯಿಂದ ಮಳೆನೀರು: ಮನೆಯಲ್ಲೇ ದುರಸ್ತಿ

ನಮ್ಮ ಸಾಲಗುಂದ, ಸಿಂಧನೂರು, ಮಸ್ಕಿ ಕಡೆ ವರ್ಷಕ್ಕೆ ಬೀಳೋ ಮಳೆ ಸುಮಾರು 600 ಮಿ.ಮೀ. ಆಸುಪಾಸು. ಕರಾವಳಿಯವರ ಲೆಕ್ಕಕ್ಕೆ ಇದು ಮಳೆಯೇ ಅಲ್ಲ. ಆದರೂ ಕಿಟಕಿ ಬದಿಯಿಂದ ನೀರು ಇಳಿಯೋ ಕಾಟ ನಮಗೇ ಹೆಚ್ಚು. ಕಾರಣ ಸರಳ. ಅವರ ಮನೆಗೆ ಹೆಂಚಿನ ಇಳಿಜಾರು ಮಾಡು, ಗೋಡೆಯಿಂದ ಎರಡು ಮೂರು ಅಡಿ ಹೊರಚಾಚಿದ ಸೂರು. ನಮ್ಮದು ಮಾಳಿಗೆ ಮನೆ ಇಲ್ಲವೆ ಆರ್‌ಸಿಸಿ, ಗೋಡೆ ಬೋಳು. ಗಾಳಿ ಜೊತೆ ಬಂದ ಮಳೆ ನೇರ ಚೌಕಟ್ಟಿಗೇ ಹೊಡೆಯುತ್ತದೆ.

ಇದನ್ನು ಸಣ್ಣ ವಿಷಯ ಅಂತ ಬಿಡುವಂತಿಲ್ಲ. ಬೇಸಿಗೆ ಭತ್ತದ ಚೀಲ ಗೋಡೆಗೆ ಒರಗಿಸಿ ಒಟ್ಟಿರುತ್ತೇವೆ. ಹಿಂಗಾರಿಗೆ ಬಿತ್ತುವ ಜೋಳ, ಕಡಲೆ ಬೀಜ ಇಡೀ ಮಳೆಗಾಲ ಮನೆಯೊಳಗೇ ಇರ್ತದೆ. ಗೋಡೆಯ ತೇವ ಚೀಲಕ್ಕೆ ಹತ್ತಿದರೆ ಬೂಷ್ಟು ಹಿಡಿದು ಮೊಳಕೆ ಶಕ್ತಿ ಹೋಗ್ತದೆ. ಅದು ಗೊತ್ತಾಗೋದು ಬಿತ್ತಿ ಎಂಟು ದಿನ ಆದ ಮೇಲೆ. ಮಣ್ಣಿನ ಗೋಡೆಯಾದರೆ ಇನ್ನೂ ದೊಡ್ಡ ಅಪಾಯ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಹಗಲು ರಾತ್ರಿ ಹಿಡಿದ ಮಳೆಗೆ ರಾಯಚೂರು ಸೇರಿ ಉತ್ತರ ಕರ್ನಾಟಕದಲ್ಲಿ ಎಷ್ಟೋ ಮಣ್ಣಿನ ಮನೆ ಕುಸಿದವು. ನೆನೆದ ಗೋಡೆಗೆ ತೂಕ ಹೊರುವ ಶಕ್ತಿ ಇರೋದಿಲ್ಲ.

ಸಂದಿ ಯಾಕೆ ಬೀಳುತ್ತದೆ?

ಕಟ್ಟಿಗೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬೇವಿನ ಚೌಕಟ್ಟಿರಲಿ, ಸಾಗವಾನಿ ಇರಲಿ, ಕುಗ್ಗಿ ಗೋಡೆಯಿಂದ ಬಿಡುತ್ತದೆ. ಆ ಸಂದಿಗೇ ಜೂನ್ ಮಳೆ ನುಗ್ಗುವುದು.

ಎರಡನೆಯದು ನಮ್ಮ ಎರಿ ಭೂಮಿ. ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗೆ ಉಬ್ಬಿ ಪಾಯವನ್ನೇ ಅಲುಗಾಡಿಸುತ್ತದೆ. ಗೋಡೆ ಸೀಳುವಾಗ ಮೊದಲು ಸೀಳುವುದು ಕಿಟಕಿಯ ಮೂಲೆಯಿಂದ, ಓರೆಯಾಗಿ. ಇಂಥ ಬಿರುಕು ವರ್ಷ ವರ್ಷ ಅಗಲ ಆಗ್ತಿದ್ದರೆ ಕಿಟಕಿಗೆ ಎಷ್ಟು ಮೆತ್ತಿದರೂ ಉಪಯೋಗವಿಲ್ಲ. ಮೊದಲು ಮನೆ ಸುತ್ತ ನೀರು ನಿಲ್ಲದಂತೆ ನೋಡಿ, ಅನುಭವದ ಗೌಂಡಿಗೆ ತೋರಿಸಿ.

ಮೊದಲು ದಾರಿ ಹುಡುಕಿ

ಒಳಗೆ ನೀರು ಕಂಡ ಜಾಗವೇ ಹೊರಗೆ ನೀರು ಹೊಕ್ಕ ಜಾಗ ಅಂತ ತಿಳಿಯಬೇಡಿ. ಮೇಲಿಂದ ಬಂದ ನೀರು ಚೌಕಟ್ಟಿನ ಹಿಂದೆ ಇಳಿದು ಕೆಳಗೆ ಕಾಣಿಸಿಕೊಳ್ಳುತ್ತದೆ. ಒಣ ದಿನ ಒಬ್ಬರು ಒಳಗೆ ನಿಂತು ನೋಡಲಿ, ಇನ್ನೊಬ್ಬರು ಹೊರಗಿನಿಂದ ತಂಬಿಗೆಯಲ್ಲಿ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ: ಮೊದಲು ಕಿಟಕಿಯ ಕೆಳಗಟ್ಟೆಗೆ, ಆಮೇಲೆ ಎರಡು ಬದಿಗೆ, ಆಮೇಲೆ ಮೇಲಿನ ಪಟ್ಟಿಗೆ, ಕೊನೆಗೆ ಸಜ್ಜಾಕ್ಕೆ. ಒಂದೊಂದು ಕಡೆ ಹತ್ತು ನಿಮಿಷ ಕಾಯಿರಿ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಮಣ್ಣಿನ ಗೋಡೆಗೆ ಪೈಪಿನಿಂದ ನೀರು ಹೊಡೆಯಲೇಬೇಡಿ.

ಯಾವುದಕ್ಕೂ ನೀರು ಬರದಿದ್ದರೆ ಮಾಳಿಗೆ ನೋಡಿ. ಮಾಳಿಗೆ ನೀರು ಬೀಳುವ ಕೊಳವೆ ಗಿಡ್ಡ ಇದ್ದರೆ ನೀರು ಗೋಡೆ ಗುಂಟ ಹರಿದು ಕಿಟಕಿಗೆ ಬರುತ್ತದೆ. ಕೊಳವೆ ಉದ್ದ ಮಾಡಿದರೆ ಅರ್ಧ ರೋಗ ವಾಸಿ.

ದುರಸ್ತಿ ಹೀಗೆ

ಏಪ್ರಿಲ್-ಮೇ ಈ ಕೆಲಸಕ್ಕೆ ಸರಿಯಾದ ಕಾಲ. ಕಟ್ಟಿಗೆ ಪೂರ್ತಿ ಒಣಗಿರುತ್ತದೆ, ಸಂದಿ ಪೂರ್ತಿ ತೆರೆದಿರುತ್ತದೆ.

1. ಹಳೆಯದನ್ನು ತೆಗೆಯಿರಿ. ಬಿಟ್ಟುಕೊಂಡ ಸಿಮೆಂಟು, ಪುಟ್ಟಿ, ಬಣ್ಣ ಎಲ್ಲ ಕೆರೆದು ಬ್ರಷ್‌ನಿಂದ ದೂಳು ತೆಗೆಯಿರಿ. ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಬಣ್ಣದಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆದ್ದರಿಂದ ನೀರು ಚಿಮುಕಿಸಿ ಕೆರೆಯಿರಿ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಒದ್ದೆಯಾದ ಕಟ್ಟಿಗೆ ಒಣಗಿದ ಮೇಲೇ ಮುಂದಿನ ಕೆಲಸ.

2. ಕಟ್ಟಿಗೆ ಚುಚ್ಚಿ ನೋಡಿ. ಚಾಕುವಿನ ಮೊನೆ ಸಲೀಸಾಗಿ ಒಳಗೆ ಹೋದರೆ ಅಲ್ಲಿ ಕೊಳೆತಿದೆ. ಹೆಚ್ಚಾಗಿ ಕೊಳೆಯುವುದು ಕೆಳಗಿನ ಅಡ್ಡಪಟ್ಟಿ ಮತ್ತು ಅದರ ಎರಡು ಮೂಲೆ. ಕೊಳೆತದ್ದನ್ನು ಗಟ್ಟಿ ಕಟ್ಟಿಗೆ ಸಿಗುವ ತನಕ ಉಳಿಯಿಂದ ತೆಗೆದು, ಅದೇ ಜಾತಿಯ ಒಣ ಕಟ್ಟಿಗೆಯ ತೇಪೆ ನೀರಿಗೆ ತಡೆಯುವ ಅಂಟು ಹಚ್ಚಿ ಕೂಡಿಸಿ. ಮೇಲೆ ಬಣ್ಣ ಬಳಿದು ಕೊಳೆತ ಮುಚ್ಚಿದರೆ ಒಳಗೊಳಗೇ ಹಬ್ಬುತ್ತದೆ, ಹಿಂದೆಯೇ ಗೆದ್ದಲು ಬರ್ತದೆ.

3. ಸಂದಿ ತುಂಬಿ. ಕಾಲಿಂಚಿಗಿಂತ ಅಗಲದ ಸಂದಿಗೆ ಮೊದಲು ಒಣ ಪುಂಡಿ ನಾರು ಇಲ್ಲವೆ ಸಣಬಿನ ಹುರಿಯನ್ನು ಅಗಸಿ ಎಣ್ಣೆಯಲ್ಲಿ ಅದ್ದಿ, ಹಿಂಡಿ, ಉಳಿಯಿಂದ ಒಳಕ್ಕೆ ಒತ್ತಿ. ಅದರ ಮೇಲೆ ಪುಟ್ಟಿ. ಸೀಮೆಸುಣ್ಣದ ಪುಡಿಗೆ ಕುದಿಸಿದ ಅಗಸಿ ಎಣ್ಣೆ (ಬಣ್ಣದ ಅಂಗಡಿಯಲ್ಲಿ ಸಿಗುವುದು) ಸ್ವಲ್ಪ ಸ್ವಲ್ಪವೇ ಹಾಕಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿದರೆ ಪುಟ್ಟಿ ತಯಾರು. ಅಗಸಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿ. ಶೇಂಗಾ ಎಣ್ಣೆ ಒಣಗೋದಿಲ್ಲ, ಅದು ನಡೆಯದು. ಪುಟ್ಟಿ ಹಚ್ಚುವ ಮೊದಲು ಕಟ್ಟಿಗೆಗೆ ಪ್ರೈಮರ್ ಕೊಡಿ. ಇಲ್ಲದಿದ್ದರೆ ಒಣ ಕಟ್ಟಿಗೆ ಎಣ್ಣೆ ಹೀರಿ ಪುಟ್ಟಿ ಉದುರುತ್ತದೆ. ಒಂದೆರಡು ವಾರ ಬಿಟ್ಟು, ಪುಟ್ಟಿ ಮೇಲ್ಪದರ ಗಟ್ಟಿಯಾದ ಮೇಲೆ ಬಣ್ಣ.

ಎಚ್ಚರಿಕೆ: ಅಗಸಿ ಎಣ್ಣೆ ಒರೆಸಿದ ಬಟ್ಟೆ, ಉಳಿದ ನಾರು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಕಾವೇರಿ ಬೆಂಕಿ ಹತ್ತಬಹುದು. ಬಯಲಲ್ಲಿ ಬಿಡಿಸಿ ಒಣಗಿಸಿ ಇಲ್ಲವೆ ನೀರಲ್ಲಿ ನೆನೆಸಿಡಿ.

ಸಿಲಿಕೋನ್ ಕೊಳವೆಯೂ ಅಂಗಡಿಯಲ್ಲಿ ಸಿಗುತ್ತದೆ. ಕಟ್ಟಿಗೆ ಜೊತೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಗೋಡೆಗೆ ಒಳ್ಳೆಯದು. ಆದರೆ ದೂಳು, ತೇವ, ಎಣ್ಣೆ ಇದ್ದಲ್ಲಿ ಹಿಡಿಯುವುದಿಲ್ಲ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಹುಳಿ ವಾಸನೆಯದ್ದು ಸಿಮೆಂಟಿಗೆ ಆಗಿಬರದು. ವಾಸನೆ ಇಲ್ಲದ ‘ನ್ಯೂಟ್ರಲ್’ ಕೇಳಿ ತನ್ನಿ.

4. ಕೆಳಗಟ್ಟೆಗೆ ಹೊರ ಇಳಿಜಾರು ಕೊಡಿ. ಒಂದು ಅಡಿಗೆ ಒಂದೂವರೆ ಇಂಚು ಲೆಕ್ಕ. ಅರ್ಧ ಅಡಿ ಕಟ್ಟೆಗೆ ಮುಕ್ಕಾಲು ಇಂಚು. ಕಟ್ಟೆಯ ಮೇಲ್ಮೈ ಚೌಕಟ್ಟಿನ ಅಡ್ಡಪಟ್ಟಿಗಿಂತ ಕೆಳಗಿರಲಿ. ಕಡಪ ಕಲ್ಲು ಕೂಡಿಸಿದರೆ ಗೋಡೆಯಿಂದ ಎರಡು ಇಂಚು ಹೊರಗೆ ಚಾಚಿಸಿ.

5. ಸಜ್ಜಾದ ಅಡಿಯಲ್ಲಿ ಗೀರು ತೆಗೆಯಿರಿ. ಸಜ್ಜಾ ಇದ್ದೂ ನೀರು ಬರೋದು, ಅದರ ಅಂಚಿನಿಂದ ಅಡಿಭಾಗ ಹಿಡಿದು ನೀರು ಗೋಡೆಗೆ ಹಿಂತಿರುಗುವುದರಿಂದ. ಅಂಚಿನಿಂದ ಒಂದೂವರೆ ಇಂಚು ಒಳಗೆ, ಅಡಿಯಲ್ಲಿ ಅರ್ಧ ಇಂಚು ಅಗಲ, ಅರ್ಧ ಇಂಚು ಆಳದ ಗೀರು ಇದ್ದರೆ ನೀರು ಅಲ್ಲೇ ಹನಿಯಾಗಿ ಬೀಳುತ್ತದೆ. ಹಳೆಯ ಸಜ್ಜಾ ಕೊರೆಯಲು ಆಗದಿದ್ದರೆ, ಗೀರಿನ ಬದಲು ಅದೇ ಜಾಗದಲ್ಲಿ ತೆಳು ತಗಡಿನ ಪಟ್ಟಿ ಕೆಳಮುಖವಾಗಿ ಅಂಟಿಸಿ. ಸಜ್ಜಾ ಇಲ್ಲವೇ ಇಲ್ಲದಿದ್ದರೆ ತಗಡಿನದ್ದು ಹಾಕಿಸಿ: ಒಂದೂವರೆ ಅಡಿ ಮುಂದಕ್ಕೆ, ಎರಡು ಬದಿಗೆ ಅರ್ಧರ್ಧ ಅಡಿ ಹೆಚ್ಚು. ತಗಡಿನ ಮೇಲಂಚು ಗೋಡೆಯೊಳಗೆ ಹೋಗಬೇಕು, ಬರೀ ಮೊಳೆ ಹೊಡೆದರೆ ಸಾಲದು.

ಮಣ್ಣಿನ ಗೋಡೆ ಇದ್ದವರಿಗೆ

ಮಣ್ಣಿನ ಗೋಡೆಗೂ ಚೌಕಟ್ಟಿಗೂ ನಡುವೆ ಸಿಮೆಂಟ್ ಮೆತ್ತಬೇಡಿ. ಸಿಮೆಂಟು ಮಣ್ಣಿಗೂ ಹಿಡಿಯದು, ಕಟ್ಟಿಗೆಗೂ ಹಿಡಿಯದು. ಕೂದಲೆಳೆಯ ಸಂದಿ ಬಿಟ್ಟು, ಒಳಹೊಕ್ಕ ನೀರು ಹೊರಬರದಂತೆ ತಡೆಯುತ್ತದೆ. ಹೊರಗೆ ಗೋಡೆ ಗಟ್ಟಿ ಕಾಣ್ತದೆ, ಒಳಗೆ ಕೆಸರು. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಹೊಟ್ಟು, ಸಗಣಿ ಸೇರಿಸಿ ನಾಲ್ಕೈದು ದಿನ ಕೊಳೆ ಹಾಕಿ, ತುಳಿದು, ಸಂದಿಗೆ ಎರಡು ಸಲ ತೆಳ್ಳಗೆ ಮೆತ್ತಿ. ಬರೀ ಎರಿ ಮಣ್ಣು ಬೇಡ, ಒಣಗಿದ ಮೇಲೆ ಸೀಳುತ್ತದೆ. ಮೇಲೆ ಸುಣ್ಣ ಬಳಿಯಿರಿ. ಮಣ್ಣಿನ ಗೋಡೆಗೆ ನಿಜವಾದ ರಕ್ಷಣೆ ಸಜ್ಜಾವೇ.

ಮಳೆ ನಡುವೆ ಸೋರಿದರೆ

ಒದ್ದೆಯಲ್ಲಿ ಪುಟ್ಟಿ, ಸಿಲಿಕೋನ್ ಯಾವುದೂ ನಿಲ್ಲದು. ಹೊರಗಡೆ ಕಿಟಕಿ ಮೇಲಿನಿಂದ ತಾಡಪಾಲು ಇಳಿಬಿಡಿ, ಕೆಳಗಡೆ ಗಾಳಿಯಾಡಲಿ. ಚೀಲಗಳನ್ನು ಗೋಡೆಯಿಂದ ಒಂದು ಮೊಳ ದೂರ ಸರಿಸಿ, ಕಟ್ಟಿಗೆ ತುಂಡಿನ ಮೇಲೆ ಇಡಿ. ಮಣ್ಣಿನ ಗೋಡೆ ಉಬ್ಬಿದ್ದರೆ, ಹೊಸ ಬಿರುಕು ಕಂಡರೆ ಆ ಕೋಣೆಯಲ್ಲಿ ಯಾರೂ ಮಲಗಬೇಡಿ.

ಮುಂಗಾರಿನಲ್ಲಿ ಪಡುವಣ ಗಾಳಿ, ಅಕ್ಟೋಬರ್‌ನ ಬಂಗಾಳ ಕೊಲ್ಲಿಯ ಮಳೆಗೆ ಮೂಡಣ ಗಾಳಿ. ಹಾಗಾಗಿ ಪಡುವಣ ಕಿಟಕಿ ಮೊದಲು, ಮೂಡಣದ್ದು ನಂತರ ಮಾಡಿಕೊಂಡರೂ ನಡೆದೀತು. ವರ್ಷಕ್ಕೊಮ್ಮೆ ಯುಗಾದಿಗೆ ಸುಣ್ಣ ಬಳಿಯುವಾಗಲೇ ಎಲ್ಲ ಚೌಕಟ್ಟಿನ ಸುತ್ತ ಕಣ್ಣಾಡಿಸಿ. ಎರಳೆ ಅಗಲದ ಸಂದಿಗೆ ಒಂದು ಹಿಡಿ ಪುಟ್ಟಿ ಸಾಕು; ಚೌಕಟ್ಟು ಕೊಳೆತ ಮೇಲೆ ಬಡಿಗ, ಗೌಂಡಿ ಇಬ್ಬರೂ ಬೇಕಾಗ್ತಾರೆ.